ಅಪ್ಪನ ಮುಳುಗಡೆ ಕಥೆ ಮತ್ತು ತುಂಬಿಹೋದ ಡಿಸ್ಕು



ಅಪ್ಪ-ಅಮ್ಮ ಊರಿನಿಂದ ಬಂದು ಎರಡು ತಿಂಗಳಾಯಿತು. ಅಮ್ಮನಿಗೆ ಮೊಮ್ಮಗಳಿದ್ದಾಳೆ, ಹೊತ್ತು ಹೋಗುತ್ತದೆ. ಅಪ್ಪನಿಗೆ ಇರುವುದು ಒಂದೇ ಕೆಲಸ, ತಮ್ಮ ಊರಿನ ಕಥೆ ಬರೆಯುವುದು. ಅವರು ಹುಟ್ಟಿದ ಹಳ್ಳಿ 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಕಟ್ಟಿದಾಗ ಶರಾವತಿಯ ಹಿನ್ನೀರಿನಲ್ಲಿ ಮುಳುಗಿತು. ಈಗ ಅದು ಉಳಿದಿರುವುದು ಅಪ್ಪನಂಥ ಕೆಲವರ ನೆನಪಿನಲ್ಲಿ ಮಾತ್ರ.

ಅಪ್ಪ ಬರೆಯಲು ಶುರು ಮಾಡಿದ್ದು ನಮ್ಮ ಹಳೆಯ ಕಂಪ್ಯೂಟರಿನಲ್ಲಿ, ವಿಂಡೋಸ್ ಎಕ್ಸ್‌ಪಿ ಕಾಲದಲ್ಲಿ, ನುಡಿಯ ಹಳೆಯ ಅಕ್ಷರಗಳಲ್ಲಿ. ಯೂನಿಕೋಡ್‌ಗೆ ಬದಲಿಸಿ ನೋಡಿದೆ. ಅರ್ಕಾವತ್ತು ಅಲ್ಲಲ್ಲಿ ಕೈಕೊಟ್ಟಿತು, ಅಪ್ಪ ಒಪ್ಪಲಿಲ್ಲ. ಹಾಗಾಗಿ ಆ ಹಳೆಯ ಡಿಸ್ಕನ್ನೇ ಇಡಿಯಾಗಿ ನಕಲು ಮಾಡಿ, ನನ್ನ ಲ್ಯಾಪ್‌ಟಾಪಿನೊಳಗೆ ಒಂದು ವರ್ಚುವಲ್ ಮಷೀನ್ ಮಾಡಿಕೊಟ್ಟೆ. ಅಂದರೆ ಕಂಪ್ಯೂಟರಿನೊಳಗೆ ಇನ್ನೊಂದು ಕಂಪ್ಯೂಟರು. ಎಕ್ಸ್‌ಪಿಗೆ 2014ರಲ್ಲೇ ಬೆಂಬಲ ನಿಂತಿದೆ, ಆದ್ದರಿಂದ ಅದಕ್ಕೆ ಇಂಟರ್‌ನೆಟ್ ಕೊಟ್ಟಿಲ್ಲ.

ಕಳೆದ ಶನಿವಾರ ಅಪ್ಪ ಕೂಗಿದರು: "ಬಾರೋ ಮಾರಾಯ ಇಲ್ಲಿ, ಸೇವ್ ಒತ್ತಿದ್ದೇ ಎಲ್ಲ ನಿಂತುಹೋಯ್ತು!"

ಎರಡು ಗಂಟೆಯಿಂದ ಬರೆದಿದ್ದರಂತೆ, ನಡುವೆ ಒಮ್ಮೆಯೂ ಸೇವ್ ಮಾಡಿರಲಿಲ್ಲ. "ಅಪ್ಪಾ, ಏನೂ ಮುಟ್ಟಬೇಡಿ" ಎಂದು ಓಡಿದೆ. ಡಿಸ್ಕಿಗೆ ಬರೆಯಲು ಆಗುತ್ತಿಲ್ಲ, ಯಂತ್ರವನ್ನು ತಡೆಹಿಡಿಯಲಾಗಿದೆ ಎಂಬ ಸಂದೇಶ ಪರದೆಯ ಮೇಲಿತ್ತು. ಅಪ್ಪನಿಗೆ ಆಶ್ಚರ್ಯ. "40 ಜಿಬಿಯಲ್ಲಿ 22 ಖಾಲಿ ಇದೆ ಅಂತ ಬೆಳಿಗ್ಗೆ ತಾನೇ ನೋಡಿದೆನಲ್ಲೋ!"

ಅಪ್ಪ ನೋಡಿದ್ದು ಸುಳ್ಳಲ್ಲ. ನಮ್ಮ ಕಡೆ ಮದುವೆಗೆ 400 ಜನರನ್ನು ಕರೆದಿರುತ್ತಾರೆ, ಆದರೆ ಪಂಕ್ತಿ ಕೂತ ಹಾಗೆ ಹಿತ್ತಲಿನಿಂದ ಬಾಳೆ ಎಲೆ ಕೊಯ್ದು ತರುತ್ತಾರೆ ಎಂದುಕೊಳ್ಳಿ. ವರ್ಚುವಲ್ ಡಿಸ್ಕೂ ಸಾಮಾನ್ಯವಾಗಿ ಹೀಗೆಯೇ. 40 ಜಿಬಿ ಎಂಬುದು ಬರೀ ಮಾತು. ಹೊರಗಿನ ಕಂಪ್ಯೂಟರಿನಲ್ಲಿ ಅದು ಒಂದು ಫೈಲು, ಬರೆದಷ್ಟೇ ಬೆಳೆಯುತ್ತದೆ. ಹಿತ್ತಲಲ್ಲಿ ಎಲೆ ಮುಗಿದರೆ ಊಟದ ಮನೆಯಲ್ಲಿ ಕೂತವರಿಗೆ ಹೇಗೆ ಗೊತ್ತಾಗಬೇಕು?

ನನ್ನ ಲ್ಯಾಪ್‌ಟಾಪಿನಲ್ಲಿ ಉಳಿದ ಜಾಗ ಸೊನ್ನೆ! ಮಗಳ ರಾಜ್ಯೋತ್ಸವ ನೃತ್ಯದ ವಿಡಿಯೋಗಳನ್ನೆಲ್ಲ ಹಿಂದಿನ ರಾತ್ರಿ ಫೋನಿನಿಂದ ಸುರಿದವನು ನಾನೇ.

ಇಲ್ಲಿ ಒಂದು ಮುಖ್ಯ ಮಾತು. ಯಂತ್ರ ನಿಂತಿತ್ತು, ಸತ್ತಿರಲಿಲ್ಲ. ಅಪ್ಪನ ಪುಟಗಳು ಮೆಮೊರಿಯಲ್ಲಿ ಹಾಗೇ ಇದ್ದವು. ಗಾಬರಿಯಾಗಿ ಪವರ್ ಆಫ್ ಮಾಡಿದ್ದರೆ ಅಷ್ಟೂ ಹೋಗುತ್ತಿತ್ತು. ವಿಡಿಯೋಗಳನ್ನು ಬೇರೆ ಡ್ರೈವಿಗೆ ಸಾಗಿಸಿ, ಕಸದ ಬುಟ್ಟಿ ಖಾಲಿ ಮಾಡಿ, ಯಂತ್ರವನ್ನು ಮುಂದುವರಿಸಿದೆ. ನಿಂತಿದ್ದ ಬರಹ ಮತ್ತೆ ಹೊರಟಿತು, ಫೈಲು ಸೇವ್ ಆಯಿತು. ಅಪ್ಪ ಕನ್ನಡಕ ತೆಗೆದು ಒರೆಸಿಕೊಂಡರು.

ನಿಮಗೂ ಹೀಗಾದರೆ ನೆನಪಿಡಿ. ಒಳಗಿನ ಫೈಲು ಅಳಿಸಿದರೆ ಹೊರಗಿನ ಫೈಲು ತಾನಾಗಿ ಚಿಕ್ಕದಾಗುವುದಿಲ್ಲ, ಜಾಗ ಮಾಡಬೇಕಾದದ್ದು ಹೊರಗೆ. ಸ್ನ್ಯಾಪ್‌ಶಾಟ್ ಫೈಲುಗಳನ್ನು ಕೈಯಾರೆ ಅಳಿಸಲೇಬೇಡಿ. ಅವು ಸರಪಳಿಯ ಕೊಂಡಿಗಳು, ಒಂದು ಹೋದರೆ ಅದರ ಮೇಲೆ ನಿಂತದ್ದೆಲ್ಲ ಹೋಯಿತು. ಹೊರಗೆ ಜಾಗವಿದ್ದೂ ತೊಂದರೆ ಬಂದರೆ, ಆ ಡ್ರೈವು ಫ್ಯಾಟ್32 ಮಾದರಿಯದೇ ನೋಡಿ. ಅದರಲ್ಲಿ ಒಂದು ಫೈಲು 4 ಜಿಬಿ ಮುಟ್ಟುವಂತಿಲ್ಲ. ಅದೂ ಅಲ್ಲದಿದ್ದರೆ ಡಿಸ್ಕಿನ ಸ್ಮಾರ್ಟ್ ವರದಿ ನೋಡಿ. ಕೆಟ್ಟ ಸೆಕ್ಟರುಗಳು ಹೆಚ್ಚುತ್ತಿದ್ದರೆ ಮೊದಲು ನಕಲು, ರಿಪೇರಿ ಆಮೇಲೆ. ಸಾಯುತ್ತಿರುವ ಡಿಸ್ಕಿನ ಮೇಲೆ ದುರಸ್ತಿ ಪ್ರೋಗ್ರಾಮು ಓಡಿಸಿದರೆ ಇದ್ದದ್ದೂ ಹೋಗಬಹುದು. ಒಳಗಿರುವುದು ಲಿನಕ್ಸ್ ಆದರೆ, ತಪ್ಪು ಕಂಡಾಗ ಡಿಸ್ಕನ್ನು 'ಓದಲು ಮಾತ್ರ' ಎಂದು ಮಾಡಿಕೊಳ್ಳಬಹುದು. ಅದು ಹಟವಲ್ಲ, ರಕ್ಷಣೆ.

ಆ ರಾತ್ರಿಯೇ ಅಪ್ಪನ ಫೈಲುಗಳನ್ನು ಪಿಡಿಎಫ್ ಮಾಡಿ ಶಿವಮೊಗ್ಗದ ಅಕ್ಕನಿಗೆ ಕಳಿಸಿದೆ. ಇಡೀ ಯಂತ್ರವನ್ನು ಆಫ್ ಮಾಡಿ ಇನ್ನೊಂದು ಡ್ರೈವಿಗೆ ನಕಲಿಸಿದೆ. ಸ್ನ್ಯಾಪ್‌ಶಾಟ್ ಇದೆಯಲ್ಲ ಎಂದು ಇಷ್ಟು ದಿನ ಸುಮ್ಮನಿದ್ದೆ. ಅದೇ ಡಿಸ್ಕಿನಲ್ಲಿರುವ ಸ್ನ್ಯಾಪ್‌ಶಾಟ್ ಬ್ಯಾಕಪ್ ಅಲ್ಲ ಎಂದು ಆಫೀಸಿನಲ್ಲಿ ಹತ್ತು ಜನರಿಗೆ ಪಾಠ ಹೇಳುವವನು ನಾನು! ದೀಪದ ಬುಡದಲ್ಲೇ ಕತ್ತಲು.

ಅಂದು ಬರೆದದ್ದೇನೆಂದು ಆಮೇಲೆ ಓದಿದೆ. ಊರಿನ ಹನ್ನೊಂದು ಮನೆಗಳ ಹೆಸರು, ಯಾವ ಮನೆಯ ಪಕ್ಕ ಯಾವುದು, ನೀರು ಬರುವ ಮುಂಚೆ ಯಾರು ಎಲ್ಲಿಗೆ ಹೋದರು ಎಂಬ ಪಟ್ಟಿ. "ಇನ್ನೊಮ್ಮೆ ಬರೆ ಅಂದಿದ್ದರೆ ಇಷ್ಟು ನೆನಪಾಗುತ್ತಿರಲಿಲ್ಲ ಕಣೋ" ಎಂದರು ಅಪ್ಪ.

ನಿಮ್ಮ ಮನೆಯ ಹಳೆಯ ಕಂಪ್ಯೂಟರಿನಲ್ಲೂ ಅಪ್ಪನದೋ ಅಜ್ಜಿಯದೋ ಬರಹ ಕೂತಿರಬಹುದು. ಈ ಭಾನುವಾರ ಒಂದು ಗಂಟೆ ಬಿಡುವು ಮಾಡಿಕೊಂಡು ಅದರ ಇನ್ನೊಂದು ನಕಲು ಮಾಡಿಡಿ.