ಮಳೆ ಬಂದಾಗಲೆಲ್ಲ ಮುಂಬೈ ಮುಳುಗುವುದೇಕೆ? ಮುಗಿಲಿನದ್ದಷ್ಟೇ ತಪ್ಪಲ್ಲ!

ಮುಂಬೈ: 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿ.ಮೀ. ಮಳೆ ಸುರಿದು, ನಗರದಲ್ಲಿ ನೂರಾರು ಮಂದಿ ಪ್ರಾಣ ಕಳೆದುಕೊಂಡರು. ಅಂಥ ಮಳೆ ಮತ್ತೆ ಬಂದಿಲ್ಲ. ಆದರೂ ಕುರ್ಲಾ, ಸಯಾನ್, ಹಿಂದ್‌ಮಾತಾಗಳಲ್ಲಿ ನೀರು ನಿಲ್ಲುವುದು ತಪ್ಪಿಲ್ಲ. ಯಾಕೆ?

ಮೊದಲ ಕಾರಣ ಚರಂಡಿ. ಬ್ರಿಟಿಷರ ಕಾಲದ ಮಳೆನೀರು ಕಾಲುವೆಗಳು ತಾಳುವುದು ಗಂಟೆಗೆ 25 ಮಿ.ಮೀ. ಮಳೆಯನ್ನಷ್ಟೇ. ಇದನ್ನು 50ಕ್ಕೆ ಏರಿಸಬೇಕೆಂಬ 'ಬ್ರಿಮ್‌ಸ್ಟೋವಾಡ್' ವರದಿ 1993ರಲ್ಲೇ ಬಂದಿತ್ತು. ಕೆಲಸಕ್ಕೆ ವೇಗ ಸಿಕ್ಕಿದ್ದು 2005ರ ಪ್ರವಾಹದ ನಂತರ. ಈಗ ಅರಬ್ಬಿ ಸಮುದ್ರ ಬಿಸಿಯೇರುತ್ತಿದ್ದು, ಗಂಟೆಗೆ 50 ಮಿ.ಮೀ. ದಾಟುವ ಬಿರುಮಳೆಯೂ ಬರುತ್ತದೆ. ಆ ಹೊತ್ತಿಗೇ ಸಮುದ್ರದಲ್ಲಿ ಭರತವಿದ್ದರೆ, ಪಂಪ್ ಮಾಡದೆ ನೀರು ಹೊರಹೋಗದು.

ಎರಡನೆಯದು ಜಾಗ. ನೀರು ಇಂಗಬೇಕಿದ್ದ ಮಿಥಿ ನದಿಯ ಜೌಗು ಭೂಮಿಯಲ್ಲಿ ಬಾಂದ್ರಾ-ಕುರ್ಲಾ ಕಾಂಪ್ಲೆಕ್ಸ್ ಎದ್ದಿದೆ.

ಮೂರನೆಯದು ರಾಜಕೀಯ. 2019ರಲ್ಲಿ ಮೆಟ್ರೋ ಕಾರ್ ಶೆಡ್‌ಗಾಗಿ ಆರೆಯಲ್ಲಿ 2,000ಕ್ಕೂ ಹೆಚ್ಚು ಮರಗಳು ಉರುಳಿದವು. 2020ರಲ್ಲಿ ಉದ್ಧವ್ ಠಾಕ್ರೆ ಸರ್ಕಾರ ಶೆಡ್ಡನ್ನು ಕಾಂಜೂರ್‌ಮಾರ್ಗ್‌ಗೆ ಸ್ಥಳಾಂತರಿಸಿತು. 2022ರಲ್ಲಿ ಏಕನಾಥ್ ಶಿಂಧೆ ಸರ್ಕಾರ ಮರಳಿ ಆರೆಗೇ ತಂದಿತು. ಸರ್ಕಾರ ಬದಲಾದಂತೆ ಕಾಡಿನ ಹಣೆಬರಹವೂ ಬದಲಾಯಿತು.

2022ರ ಮಾರ್ಚ್‌ನಲ್ಲಿ ಪಾಲಿಕೆ ಹವಾಮಾನ ಕ್ರಿಯಾ ಯೋಜನೆ ಪ್ರಕಟಿಸಿತು. ದೇಶದ ನಿವ್ವಳ ಶೂನ್ಯ ಹೊರಸೂಸುವಿಕೆಯ ಗುರಿ 2070, ಮುಂಬೈನದ್ದು 2050. ಆದರೆ ಅದೇ ತಿಂಗಳು ಪಾಲಿಕೆಯ ಅವಧಿ ಮುಗಿಯಿತು. ಮುಂದೆ ಮೂರು ವರ್ಷಕ್ಕೂ ಹೆಚ್ಚು ಕಾಲ ಚುನಾಯಿತ ಸದಸ್ಯರೇ ಇರಲಿಲ್ಲ. ಮಿಥಿ ದಡದ ಗುಡಿಸಲಿಗೆ ನೀರು ನುಗ್ಗಿದಾಗ, ಹೋಗಿ ಕೇಳಲು ವಾರ್ಡಿಗೊಬ್ಬ ನಗರಸೇವಕನೂ ಇರಲಿಲ್ಲ.