ಚಿತ್ರದಲ್ಲಿನ ಪಟ್ಟೆವಸ್ತ್ರ

ಯೆಹೂದ್ಯರ ಪ್ರಾರ್ಥನೆಯನ್ನು ತೋರಿಸುವ ಐರೋಪ್ಯ ವರ್ಣಚಿತ್ರಗಳಲ್ಲಿ ಗಂಡಸರು ಪಟ್ಟೆಗಳುಳ್ಳ ಬಿಳಿಯ ವಸ್ತ್ರವನ್ನು ಹೊದ್ದಿರುವುದೇಕೆ?
— ಓದುಗರೊಬ್ಬರು, ಕೋಟನೂರ, ಕಲಬುರಗಿ

ತಲ್ಲಿತ್ ಎಂಬ ಆ ವಸ್ತ್ರದ ಮಹತ್ತ್ವವಿರುವುದು ಪಟ್ಟೆಗಳಲ್ಲಲ್ಲ, ನಾಲ್ಕು ಮೂಲೆಗಳಿಂದ ಇಳಿಬಿದ್ದ ಕುಚ್ಚುಗಳಲ್ಲಿ. ಮೂಲೆಯ ರಂಧ್ರದೊಳಗೆ ನಾಲ್ಕು ಎಳೆಗಳನ್ನು ತೂರಿಸಿ, ಮಡಿಸಿ ಎಂಟಾಗಿಸಿ, ನಡುನಡುವೆ ಸುತ್ತುತ್ತ ಐದು ಜೋಡಿಗಂಟುಗಳನ್ನು ಬಿಗಿಯುವರು. ನಮ್ಮ ಹೆಂಗಳೆಯರು ಮರೆಯಬಾರದ ಕೆಲಸಕ್ಕಾಗಿ ಸೆರಗಿಗೆ ಗಂಟಿಕ್ಕಿಕೊಳ್ಳುವಂತೆ, ಕುಚ್ಚು ಕಣ್ಣಿಗೆ ಬಿದ್ದೊಡನೆ ದೇವರ ಆಜ್ಞೆಗಳು ನೆನಪಾಗಬೇಕೆಂಬುದು ಅವರ ಧರ್ಮಗ್ರಂಥದ ವಿಧಿ. ನೋಡಿ ನೆನೆಯಬೇಕಾದುದರಿಂದ ಇದನ್ನು ಸಾಮಾನ್ಯವಾಗಿ ಹಗಲಿನಲ್ಲಿಯೇ ಧರಿಸುವರು; ಪ್ರಾಯಶ್ಚಿತ್ತದ ಮಹಾದಿನವಾದ ಯೋಮ್ ಕಿಪ್ಪುರಿನ ಸಂಜೆಯೊಂದು ಇದಕ್ಕೆ ಅಪವಾದ.

ಆ ದಿನದ ಪ್ರಾರ್ಥನೆಯನ್ನೇ ಮೌರಿಟ್ಸಿ ಗಾಟ್ಲೀಬ್ ಎಂಬ ಯೆಹೂದಿ ಕಲಾವಿದನು 1878ರಲ್ಲಿ ಚಿತ್ರಿಸಿದನು. ಅದರಲ್ಲಿ ಬಾಲಕನಾಗಿ, ಕಿಶೋರನಾಗಿ, ತರುಣನಾಗಿ ಮೂರು ಕಡೆ ಅವನೇ ಕಾಣಿಸಿಕೊಂಡಿದ್ದಾನೆ. ಅಷ್ಟೇ ಅಲ್ಲದೆ, ಧರ್ಮಗ್ರಂಥದ ಸುರುಳಿಯ ಹೊದಿಕೆಯ ಮೇಲೆ, ತಾನು ಆಗಲೇ ದಿವಂಗತನಾದಂತೆ, ತನ್ನದೇ ಸ್ಮರಣಾರ್ಥದ ಲೇಖವನ್ನು ಬರೆದಿದ್ದಾನೆ. ಮರುವರ್ಷವೇ, ಇಪ್ಪತ್ತಮೂರರ ಹರೆಯದಲ್ಲಿ, ಅವನು ತೀರಿಕೊಂಡನು. ಇದನ್ನು ಭವಿಷ್ಯಜ್ಞಾನವೆನ್ನುವವರಿದ್ದಾರೆ, ನನಗಾದರೋ ಆತ್ಮಶೋಧನೆಯ ಆ ದಿನಕ್ಕೆ ಒಪ್ಪುವ ಭಾವವಾಗಿಯೇ ತೋರುತ್ತದೆ. ಚಿತ್ರವು ಈಗ ಟೆಲ್ ಅವೀವ್ ಕಲಾ ಸಂಗ್ರಹಾಲಯದಲ್ಲಿದೆ.