ಹಿತ್ತಿಲಿಗೂ ಒಂದು ಪಂಚಾಂಗ

ಮಾಗಿಯ ಚಳಿ ಕಾಲಿಟ್ಟಿತೆಂದರೆ ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲಗಳ ಕಡೆ ಅಡುಗೆಮನೆಯ ಪರಿಮಳವೇ ಬದಲಾಗುತ್ತದೆ. ಹಿತಕಿದ ಬೇಳೆಯ ಸಾರು, ಅವರೆಕಾಳಿನ ಉಪ್ಪಿಟ್ಟು, ಅವರೆ ಬೆರೆತ ಅಕ್ಕಿರೊಟ್ಟಿಗಳು ದಿನಕ್ಕೊಂದರಂತೆ ಎಲೆಯ ಮೇಲೆ ಬಂದು ಕೂಡುತ್ತವೆ. ಇವನ್ನು ಉಂಡು ಮೆಚ್ಚದವರು ವಿರಳ. ಆದರೆ ಈ ಗಿಡ ಚಳಿಗಾಲಕ್ಕೆಂದೇ ಏಕೆ ಕಾದಿರುತ್ತದೆ? ಜೂನ್ ತಿಂಗಳಲ್ಲಿ ಬಿತ್ತಿದರೂ ಜುಲೈಯಲ್ಲಿ ಬಿತ್ತಿದರೂ ಹೆಚ್ಚುಕಡಿಮೆ ಒಂದೇ ಕಾಲಕ್ಕೆ ಏಕೆ ಹೂ ತಳೆಯುತ್ತದೆ? ಈ ಪ್ರಶ್ನೆಗೆ ಉತ್ತರವನ್ನು ಅರಿತವರಿಗೆ ಕೈತೋಟದ ಅರ್ಧ ವಿದ್ಯೆ ಕೈವಶವಾದಂತೆಯೇ ಸರಿ.

ಇರುಳನ್ನು ಅಳೆಯುವ ಗಿಡ

ನಮ್ಮ ಸೀಮೆಯಲ್ಲಿ ಜೂನ್ ತಿಂಗಳ ಅತಿ ದೀರ್ಘವಾದ ಹಗಲು ಸುಮಾರು 12 ಗಂಟೆ 50 ನಿಮಿಷ. ಡಿಸೆಂಬರಿನ ಅತಿ ಚಿಕ್ಕ ಹಗಲು ಸುಮಾರು 11 ಗಂಟೆ 20 ನಿಮಿಷ. ಒಂದೂವರೆ ಗಂಟೆಯ ಈ ಅಂತರವನ್ನು ನಾವು ಅಷ್ಟಾಗಿ ಗಮನಿಸುವುದಿಲ್ಲ. ನಾಡ ಅವರೆ ಮಾತ್ರ ಅದನ್ನು ತಪ್ಪದೆ ಗಮನಿಸುತ್ತದೆ. ಇರುಳು ಸಾಕಷ್ಟು ದೀರ್ಘವಾಗುವ ತನಕ ಅದು ಎಲೆ, ಕುಡಿಗಳನ್ನಷ್ಟೇ ಬೆಳೆಸಿಕೊಂಡು, ಅನಂತರವೇ ಹೂವಿಗೆ ಮನಸ್ಸು ಮಾಡುತ್ತದೆ. ರಾಗಿ ಹೊಲದ ಅಕ್ಕಡಿ ಸಾಲಿನಲ್ಲಿ ಅವರೆಯನ್ನು ಬಿತ್ತುತ್ತಿದ್ದ ಹಿರಿಯರಿಗೆ ಇದು ಅನುಭವದಿಂದ ತಿಳಿದ ಸಂಗತಿ. ರಾಗಿ ಕೊಯ್ಲಾಗಿ ಹೊಲ ಬಯಲಾದ ಮೇಲೆ, ಅಕ್ಕಡಿಯ ಅವರೆ ಇಬ್ಬನಿಯಲ್ಲಿ ಮಿಂದು ಕಾಯಿ ತುಂಬಿಕೊಳ್ಳುತ್ತಿತ್ತು.

1964ರಲ್ಲಿ ಸ್ಥಾಪನೆಯಾದ ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯದ ಹೆಬ್ಬಾಳ ಅವರೆ-3, ಹೆಬ್ಬಾಳ ಅವರೆ-4 ಎಂಬ ತಳಿಗಳು ಈ ಕಟ್ಟಳೆಗೆ ಒಳಪಟ್ಟವಲ್ಲ. ಹಗಲಿರುಳುಗಳ ಹಂಗಿಲ್ಲದೆ ಅವು ಹೂ ಬಿಡುವುದರಿಂದ ರೈತನಿಗೆ ಯಾವ ಕಾಲದಲ್ಲಾದರೂ ನಾಲ್ಕು ಕಾಸು ದೊರೆಯುವಂತಾಯಿತು. ಪೇಟೆಗೆ ಬಾರದ ಕಾಲದಲ್ಲೂ ಕಾಯಿ ಬಂದಿತು. ಇದು ಸಣ್ಣ ಉಪಕಾರವೇನಲ್ಲ. ಆದರೆ ಮನೆಯ ಬಳಕೆಗೆಂದು ಬೆಳೆಯುವವರಿಗೆ ಪೇಟೆಯ ಧಾರಣೆಯ ಚಿಂತೆ ಇಲ್ಲವಷ್ಟೆ? ಅವರು ಸೊಗಡುಳ್ಳ ನಾಡ ತಳಿಗೇ ಒಂದು ಮೂಲೆಯನ್ನು ಮೀಸಲಿಡುವುದು ಲೇಸು.

ಸೇವಂತಿಗೆಯದೂ ಇದೇ ಸ್ವಭಾವ. ರಾತ್ರಿಯ ವೇಳೆ ಈ ಸೀಮೆಯಲ್ಲಿ ಪ್ರಯಾಣ ಮಾಡುವವರು ಕೆಲವು ಸೇವಂತಿಗೆ ಹೊಲಗಳಲ್ಲಿ ಸಾಲುದೀಪಗಳು ಬೆಳಗುವುದನ್ನು ಕಂಡು ಬೆರಗಾಗುವುದುಂಟು. ಅದು ಯಾವ ಉತ್ಸವದ ಅಲಂಕಾರವೂ ಅಲ್ಲ. ಇರುಳನ್ನು ಮೊಟಕುಗೊಳಿಸಿ, ಹೂವನ್ನು ತಮಗೆ ಬೇಕಾದ ದಿನದವರೆಗೆ ತಡೆದಿಡುವ ಬೆಳೆಗಾರರ ಉಪಾಯ. ಆದಕಾರಣ ಬೀದಿಯ ದೀಪದ ಪ್ರಖರವಾದ ಬೆಳಕು ಇರುಳೆಲ್ಲ ಬೀಳುವ ಜಾಗದಲ್ಲಿ ಅವರೆಯನ್ನಾಗಲಿ ಸೇವಂತಿಗೆಯನ್ನಾಗಲಿ ಹಾಕಬಾರದು. ಗಿಡ ಸೊಂಪಾಗಿ ಬೆಳೆದರೂ ಹೂ ತಡವಾದೀತು.

ಭರಣಿಯಿಂದ ಆರಂಭ

ಭರಣಿ ಸುರಿದರೆ ಧರಣಿ ಬೆಳೆ ಎಂಬ ಮಾತು ಹಿತ್ತಿಲಿಗೂ ಸಲ್ಲುತ್ತದೆ. ಏಪ್ರಿಲ್ ಕೊನೆಗೆ ಒಂದೆರಡು ಹದಮಳೆಯಾದೊಡನೆ ಕೆಂಪು ನೆಲವನ್ನು ಒಂದಡಿ ಆಳ ಅಗೆದು, ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರವನ್ನು ಬೆರೆಸಿಡಬೇಕು. ಅಂಗಳವಿಲ್ಲದವರು ಮಾಳಿಗೆಯ ಮೇಲೆ ಒಂದಡಿ ಆಳದ ಕುಂಡಗಳನ್ನೋ ಗೋಣಿಚೀಲಗಳನ್ನೋ ಇರಿಸಿಕೊಳ್ಳಬಹುದು. ನೀರು ಬಸಿದುಹೋಗಲು ತಳದಲ್ಲಿ ದಾರಿ ಇರಬೇಕು, ದಿನಕ್ಕೆ ಐದಾರು ಗಂಟೆ ಬಿಸಿಲು ಬೀಳಬೇಕು. ಕೃತ್ತಿಕೆ, ರೋಹಿಣಿ ಮಳೆಗಳಲ್ಲಿ ಹೀರೆ, ಪಡವಲ, ಹಾಗಲ, ಸೋರೆ, ಕುಂಬಳಗಳ ಬೀಜವನ್ನು ಊರಿ, ಬಳ್ಳಿ ಮೊಳಕಾಲುದ್ದ ಆಗುವುದರೊಳಗೆ ಚಪ್ಪರವನ್ನು ಸಿದ್ಧಪಡಿಸಿಕೊಳ್ಳಬೇಕು. ಹಳೆಯ ಸೇವಂತಿಗೆಯ ಬುಡದಲ್ಲಿ ಮೊಳೆತ ಕಂದುಗಳನ್ನು ಬಿಡಿಸಿ ನೆಡುವುದಕ್ಕೂ ಇದೇ ತಕ್ಕ ಕಾಲ.

ಬೆಂಡೆಗೆ ಬಿಳಿ ನೊಣಗಳು ಹರಡುವ ಹಳದಿ ರೋಗದ ಕಾಟ ಬಹಳ. 1967ರಲ್ಲಿ ಆರಂಭವಾದ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯು ಈ ರೋಗವನ್ನು ತಡೆಯಬಲ್ಲ ಅರ್ಕಾ ಅನಾಮಿಕಾ ಎಂಬ ತಳಿಯನ್ನು ರೂಪಿಸಿದೆ. ಹಳೆಯದನ್ನು ಉಳಿಸಿಕೊಳ್ಳುವವರು ಹೊಸದನ್ನು ದೂರವಿಡಬೇಕೆಂಬ ನಿಯಮವೇನೂ ಇಲ್ಲ.

ಮೃಗಶಿರಾ, ಆರಿದ್ರಾ ಮಳೆಗಳ ಹೊತ್ತಿಗೆ ಅವರೆ, ಚಪ್ಪರದವರೆಗಳ ಬಿತ್ತನೆ. ಬದನೆ, ಮೆಣಸಿನಕಾಯಿ, ಟೊಮೇಟೊ ಸಸಿಗಳನ್ನು ಮೋಡ ಕವಿದ ದಿನ ಸಂಜೆಯ ವೇಳೆಗೆ ನಾಟಿ ಮಾಡಿದರೆ ಬಾಡುವುದಿಲ್ಲ. ಜುಲೈ ಕೊನೆಗೆ ಚೆಂಡುಹೂವಿನ ಬೀಜ ಚೆಲ್ಲಿದರೆ ಆಯುಧಪೂಜೆ, ದೀಪಾವಳಿಗಳ ಹೊತ್ತಿಗೆ ಮನೆಯ ಬಾಗಿಲಿಗೆ ಮನೆಯದೇ ಹೂಮಾಲೆ.

ಹಿಂಗಾರು ಮತ್ತು ಬೇಸಗೆ

ಈ ಭಾಗದಲ್ಲಿ ಸೆಪ್ಟೆಂಬರ್, ಅಕ್ಟೋಬರುಗಳಲ್ಲಿಯೇ ಮಳೆ ಬಲವಾಗಿ ಹಿಡಿಯುವುದುಂಟು. ಆಗ ಸಣ್ಣ ಬೀಜಗಳನ್ನು ಬಿತ್ತಿದರೆ ಕೊಚ್ಚಿ ಹೋಗುತ್ತವೆ. ಚಿತ್ತೆಯ ಅಬ್ಬರ ಇಳಿದು ಸ್ವಾತಿ ಕಾಲಿಟ್ಟ ಮೇಲೆ, ಅರ್ಧ ಅಡಿ ಎತ್ತರಿಸಿದ ಪಾತಿಗಳಲ್ಲಿ ಮೂಲಂಗಿ, ಕ್ಯಾರೆಟ್, ಬೀಟ್‌ರೂಟ್, ನವಿಲುಕೋಸು, ಬಟಾಣಿ, ಮೆಂತ್ಯ, ಪಾಲಕ್‌ಗಳನ್ನು ಹಾಕಬಹುದು. ಕೊತ್ತಂಬರಿ ಬೀಜವನ್ನು ಮೆಲ್ಲಗೆ ಉಜ್ಜಿ ಎರಡು ಹೋಳು ಮಾಡಿಯೇ ಬಿತ್ತಬೇಕು. ಅವರೆಯ ಕುಡಿಗೆ ಹೇನು ಮುತ್ತಿದರೆ ಗಾಬರಿ ಬೇಡ. ಬೆಳಗಿನ ಇಬ್ಬನಿ ಆರುವ ಮುನ್ನ ಸೌದೆಯ ಬೂದಿಯನ್ನು ತೆಳುವಾಗಿ ಉದುರಿಸುವುದು ನಮ್ಮ ಅಜ್ಜಿಯರ ಕಾಲದಿಂದ ಬಂದ ಮದ್ದು.

ಬೇಸಗೆಯಲ್ಲಿ ನೀರಿನದೇ ಚಿಂತೆ. ನಂದಿಬೆಟ್ಟದ ಸೀಮೆಯಲ್ಲಿ ಹುಟ್ಟಿ ದೊಡ್ಡಬಳ್ಳಾಪುರದ ನೆಲವನ್ನು ಹಾದುಹೋಗುವ ಅರ್ಕಾವತಿಯ ನೀರನ್ನೇ ಹೆಸರಘಟ್ಟದಲ್ಲಿ ತಡೆದು, 1890ರ ದಶಕದಲ್ಲಿ ಬೆಂಗಳೂರಿಗೆ ಕೊಳಾಯಿಯ ಮೂಲಕ ಒದಗಿಸಲಾಯಿತು. ಅಂಥ ನದಿಯೇ ಇಂದು ಸೊರಗಿದೆ; ಕೊಳವೆ ಬಾವಿಗಳು ಆಳಕ್ಕೆ ಇಳಿಯುತ್ತಲೇ ಇವೆ. ಆದುದರಿಂದ ಕೈತೋಟಕ್ಕೆಂದು ಬೇರೆ ನೀರು ಬಳಸದಿರುವುದೇ ಜಾಣತನ. ಅಕ್ಕಿ, ಬೇಳೆ, ತರಕಾರಿಗಳನ್ನು ತೊಳೆದ ನೀರೇ ನಾಲ್ಕಾರು ಕುಂಡಗಳಿಗೆ ಸಾಕು. ಬಟ್ಟೆಯ ಪುಡಿ ಬೆರೆತ ನೀರನ್ನು ಮಾತ್ರ ಸೊಪ್ಪಿಗೆ ಹಾಯಿಸಬಾರದು. ಬುಡಕ್ಕೆ ತರಗೆಲೆಯನ್ನೋ ಹುಲ್ಲನ್ನೋ ಹೊದಿಸಿದರೆ ತೇವ ಬಹುಕಾಲ ನಿಲ್ಲುತ್ತದೆ. ಬಸಳೆ, ದಂಟು, ಪುದೀನ, ದೊಡ್ಡಪತ್ರೆಗಳು ಈ ದಿನಗಳಲ್ಲಿಯೂ ಗೃಹಿಣಿಯ ಕೈ ಬಿಡುವುದಿಲ್ಲ.

ಮುಡಿಗಷ್ಟೇ ಅಲ್ಲ, ಅಡುಗೆಗೂ ಹೂ

ಹೂವೆಂದರೆ ದೇವರಿಗೆ, ಮುಡಿಗೆ ಎಂದಷ್ಟೇ ಭಾವಿಸಬೇಕಿಲ್ಲ. ಕುಂಬಳದ ಬಳ್ಳಿಯಲ್ಲಿ ಗಂಡು ಹೂ, ಹೆಣ್ಣು ಹೂಗಳು ಬೇರೆ ಬೇರೆ. ಹೂವಿನ ಬುಡದಲ್ಲಿ ಪುಟ್ಟ ಕಾಯಿ ಕಂಡರೆ ಅದು ಹೆಣ್ಣು. ತೆಳುವಾದ ನೀಳ ತೊಟ್ಟು ಮಾತ್ರ ಇದ್ದರೆ ಗಂಡು. ನಾಲ್ಕಾರು ಗಂಡು ಹೂಗಳನ್ನು ಬಳ್ಳಿಯಲ್ಲೇ ಉಳಿಸಿ, ಮಿಕ್ಕವನ್ನು ಪಲ್ಯಕ್ಕೋ ಬಜ್ಜಿಗೋ ಕೊಯ್ದುಕೊಳ್ಳಬಹುದು. ಜೇನ್ನೊಣ ಸುಳಿಯದ ಮಾಳಿಗೆಗಳಲ್ಲಿ ಮುಂಜಾನೆ ಗಂಡು ಹೂವಿನ ಪರಾಗವನ್ನು ಹೆಣ್ಣು ಹೂವಿಗೆ ಕೈಯಿಂದಲೇ ಸವರಿದರೆ ಕಾಯಿ ಕಚ್ಚುತ್ತದೆ. ನುಗ್ಗೆಯ ಹೂ, ನಡುವಿನ ಕಹಿ ಕಡ್ಡಿಯನ್ನು ತೆಗೆದ ಅಗಸೆಯ ಹೂ, ಮಜ್ಜಿಗೆಯಲ್ಲಿ ನೆನೆಸಿದ ಬಾಳೆಯ ಹೂ, ಇವೆಲ್ಲವೂ ಪಲ್ಯಕ್ಕೆ ಒಗ್ಗುವಂಥವು. ಆದರೆ ಪೂಜೆಗೆ ಸಲ್ಲುವುದೆಲ್ಲ ಊಟಕ್ಕೆ ಸಲ್ಲದು. ಕಣಗಿಲೆ, ಉಮ್ಮತ್ತಿಗಳು ವಿಷಗಿಡಗಳು. ಮಕ್ಕಳಿಗೆ ಇವನ್ನು ಗುರುತು ಹಿಡಿಯಲು ಕಲಿಸಲೇಬೇಕು. ಅಂಗಡಿಯಿಂದ ತಂದ ಹೂವನ್ನು, ಅದಕ್ಕೆ ಯಾವ ಔಷಧ ಸಿಂಪಡಿಸಿರುವರೋ ತಿಳಿಯದು, ಅಡುಗೆಗೆ ಬಳಸಬಾರದು.

ಹಿತ್ತಿಲ ಹೊಣೆ

ದೇವನಹಳ್ಳಿಯ ಚಕ್ಕೋತ, ಬೆಂಗಳೂರು ನೀಲಿ ದ್ರಾಕ್ಷಿ, ಬೆಂಗಳೂರು ಗುಲಾಬಿ ಈರುಳ್ಳಿ, ಈ ಮೂರೂ ಭೌಗೋಳಿಕ ಸೂಚಕದ ಮಾನ್ಯತೆಯನ್ನು ಪಡೆದ ಬೆಳೆಗಳು. ಹೆಸರಿಗೆ ಮಾನ್ಯತೆ ದೊರೆತರೆ ಸಾಲದು, ನೆಲವೂ ಉಳಿಯಬೇಕು. 2008ರಲ್ಲಿ ದೇವನಹಳ್ಳಿಯ ಬಳಿ ವಿಮಾನ ನಿಲ್ದಾಣ ತೆರೆದ ಮೇಲೆ ಜಮೀನಿನ ಬೆಲೆ ಗಗನಕ್ಕೇರಿತು. ತೋಟಗಳಿದ್ದ ಕಡೆ ಬಡಾವಣೆಗಳು ಎದ್ದವು, ರಾಗಿಯ ಜೊತೆಗೆ ಅಕ್ಕಡಿಯ ಸಾಲೂ ಹಿಂದೆ ಸರಿಯಿತು. ಆ ಬಡಾವಣೆಗಳಲ್ಲಿ ಮನೆ ಕಟ್ಟಿ ನೆಲೆಸಿದವರು ನಾವೇ ಅಲ್ಲವೆ? ನಾವು ನಿಂತಿರುವ ನೆಲ ಹಿಂದೆ ಏನನ್ನು ಬೆಳೆಯುತ್ತಿತ್ತೋ ಅದರಲ್ಲಿ ಒಂದನ್ನಾದರೂ ಬೆಳೆಸುವುದು ಆ ನೆಲದ ಋಣ. ಜಾಗವಿದ್ದವರು ಒಂದು ಚಕ್ಕೋತದ ಗಿಡವನ್ನು ನೆಡಲಿ. ಬೀಜದಿಂದ ಬೆಳೆದದ್ದಕ್ಕಿಂತ ಗೂಟಿ ಕಟ್ಟಿದ ಸಸಿ ಬೇಗ ಫಲಕ್ಕೆ ಬರುತ್ತದೆ, ತಾಯಿಮರದ ಗುಣವನ್ನೂ ಉಳಿಸಿಕೊಳ್ಳುತ್ತದೆ. ಜಾಗವಿಲ್ಲದವರಿಗೆ ಒಂದು ಸಾಲು ಅವರೆ ಸಾಕು.

ಕೊನೆಯದಾಗಿ ಬೀಜದ ಮಾತು. ಪೊಟ್ಟಣದ ಮಿಶ್ರತಳಿಯ ಬೀಜವನ್ನು ಮರಳಿ ಬಿತ್ತಿದರೆ ತಾಯಿಯ ಗುಣ ಹಾಗೆಯೇ ಬರುವುದಿಲ್ಲ. ನಾಡ ಅವರೆಯದು ಹಾಗಲ್ಲ. ರೋಗವಿಲ್ಲದ, ಚೆನ್ನಾಗಿ ಕಾಯಿ ಹಿಡಿದ ಒಂದೆರಡು ಗಿಡಗಳನ್ನು ಮೊದಲೇ ಗುರುತಿಸಿ, ಅವುಗಳ ಕಾಯಿಗಳನ್ನು ಅಡುಗೆಗೆ ಕೀಳದೆ ಗಿಡದಲ್ಲೇ ಒಣಗಲು ಬಿಡಬೇಕು. ಕಾಳು ಬಿಡಿಸಿ, ನೆರಳಲ್ಲಿ ಆರಿಸಿ, ಬೂದಿ ಬೆರೆಸಿ ಕುಡಿಕೆಯಲ್ಲಿ ಬಾಯಿ ಕಟ್ಟಿಡಬೇಕು. ಅದರಲ್ಲಿ ಒಂದು ಹಿಡಿ ಮುಂದಿನ ಮುಂಗಾರಿಗೆ ನಮಗೆ, ಇನ್ನೊಂದು ಹಿಡಿ ನೆರೆಮನೆಗೆ. ನಮ್ಮ ಪಾತಿ ಒಂದು ವರ್ಷ ಕೆಟ್ಟರೂ, ಕೊಟ್ಟ ಬೀಜ ಅವರ ಹಿತ್ತಿಲಲ್ಲಿ ಉಳಿದಿರುತ್ತದೆ.